ನೀಳ್ಳು ಬಂದರೆ ನೀಲಿ

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕಾವ್ಯ ಎಂಬ ಹುಡುಗಿ ಕೂತಿದ್ದಾಳೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ, ನಾನು ದೋಸೆ ಹೆಂಚಿಗೆ ಈರುಳ್ಳಿ ಉಜ್ಜುತ್ತಿದ್ದಾಗ, ಗಾಬರಿಯಿಂದ ಫೋನ್ ಮಾಡಿದಳು.

"ಮೇಡಂ, ಒಂದು ವಿಷಯ ಕೇಳ್ಲಾ? ತಪ್ಪು ತಿಳ್ಕೋಬೇಡಿ. ಎಚ್‌ಓಡಿ ಸರ್ ಗ್ರೂಪಲ್ಲಿ ಸ್ಟೂಡೆಂಟ್ಸ್ ಎಲ್ಲರ ಮುಂದೆ 'ಕಾವ್ಯ ಮೇಡಂ, ಹಾರ್ಟ್ ಎಲ್ಲಿ?' ಅಂತ ಕೇಳ್ತಿದ್ದಾರೆ. ನಾನೇನು ಉತ್ತರ ಕೊಡ್ಲಿ?"

ನಗು ತಡೆದುಕೊಂಡು ಹೇಳಿದೆ. "ಮೊದಲು ಹೋಗಿ ಲ್ಯಾಬಿನ ನಲ್ಲಿ ತಿರುಗಿಸಿ ನೋಡಮ್ಮ. ನೀರು ಬಂದರೆ ನೀಲಿ ಹಾರ್ಟ್ ಹಾಕು. ಬರಲಿಲ್ಲ ಅಂದರೆ ಬಿಳಿದು. ಯಾಕೆ ಏನು ಅನ್ನೋದನ್ನ ಬರೆದು ಕಳಿಸ್ತೀನಿ."

ಕಾವ್ಯಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆಲ್ಲ ಇದು ಆ ಬರವಣಿಗೆ. ಆ ಪುಟ್ಟ ಹೃದಯದ ಚಿತ್ರದ ಹಿಂದೆ, ರೆಡ್ಡೆಮ್ಮ ಎಂಬ ವಿದ್ಯಾರ್ಥಿನಿ ತನ್ನ ಕೊನೆಯ ವರ್ಷದ ಪರೀಕ್ಷೆಯನ್ನೇ ಕಳೆದುಕೊಳ್ಳುವುದರಲ್ಲಿದ್ದ ಒಂದು ಬೆಳಿಗ್ಗೆ ಇದೆ. ಅದಕ್ಕೆ ಮೊದಲು ನಮ್ಮ ಕೆಲಸ ಎಂಥದ್ದು ಎಂದು ಹೇಳಿಬಿಡುತ್ತೇನೆ.

ಕೋಲಾರದ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾನು ಇನ್‌ಸ್ಟ್ರಕ್ಟರ್ ಆಗಿದ್ದೆ. ಪಾಠ ಮಾಡುವವರು ಬರುವ ಮೊದಲು ಬಾಟಲಿಗಳಿಗೆ ದ್ರಾವಣ ತುಂಬುವುದು, ಚೀಟಿ ಅಂಟಿಸುವುದು, ಹುಡುಗರ ಕೈ ಸುಡದ ಹಾಗೆ, ಕಣ್ಣಿಗೆ ಆಸಿಡ್ ಹಾರದ ಹಾಗೆ ನೋಡಿಕೊಳ್ಳುವುದು ನನ್ನ ಪಾಲು. ಮದುವೆಯಾದ ಮೇಲೆ ಬಹಳ ಕಾಲ ಮನೆಯಲ್ಲೇ ಇದ್ದವಳು; ಮಕ್ಕಳು ಹೈಸ್ಕೂಲು ಮುಟ್ಟಿದ ಮೇಲೆ ಈ ಕೆಲಸಕ್ಕೆ ಸೇರಿದೆ, ಈಗ ಮತ್ತೆ ಮನೆಯವಳಾಗಿದ್ದೇನೆ. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳು ಅಕ್ಷರ ದುಂಡಗೆ ಬರೆಯುವುದನ್ನೂ ಬಾಗಿಲನ್ನು ಸದ್ದಿಲ್ಲದೆ ಹಾಕುವುದನ್ನೂ ಚೆನ್ನಾಗಿ ಕಲಿಸಿದ್ದರು. ಲ್ಯಾಬಿನಲ್ಲಿ ನನಗೆ ಎರಡೂ ಉಪಯೋಗಕ್ಕೆ ಬಂದವು. ಬಡ್ತಿಯ ಕಥೆ ನನ್ನ ಹತ್ತಿರ ಇಲ್ಲ. ಇರುವವರ ಹತ್ತಿರ ಕೇಳಿ.

ನಮ್ಮ ವಿಭಾಗದ ಮುಖ್ಯಸ್ಥರು ನಾಗಭೂಷಣ ಸರ್. ಮೈಸೂರಿನವರು. ಇಸ್ತ್ರಿಯ ಗೀಟು ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮೊದಲೆಲ್ಲ ಅವರಿಗೆ ಫೋನ್ ಕಂಡರಾಗುತ್ತಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಒಂದು ಎನಾಮಲ್ ಟ್ರೇ ಇಡಿಸಿದ್ದರು. ಒಳಗೆ ಬರುವವರು ಚಪ್ಪಲಿ ಬಿಟ್ಟ ಹಾಗೆ ಫೋನನ್ನು ಅದರಲ್ಲಿ ಬಿಟ್ಟು ಬರಬೇಕು. ಇಡೀ ಮಧ್ಯಾಹ್ನ ಆ ಟ್ರೇ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು.

ಕೊರೊನಾ ಬಂತು. ಅದೇ ಸರ್ ಒಂದು ದಿನ ನನಗೆ ಫೋನ್ ಮಾಡಿ, ದನಿ ತಗ್ಗಿಸಿ, "ಜಯಂತಿಯವರೇ, ಈ ಆನ್‌ಲೈನ್ ಕ್ಲಾಸಲ್ಲಿ ನನ್ನ ಹಣೆ ಮಾತ್ರ ಕಾಣುತ್ತೆ ಅಂತಾರಲ್ಲ, ಏನು ಮಾಡೋದು ಕಣ್ರೀ?" ಎಂದು ಕೇಳಿದರು. ಫೋನಿನ ಕೆಳಗೆ ಅಡುಗೆಮನೆಯ ಡಬ್ಬ ಇಡಿ ಎಂದೆ. ಮಾರನೆಯ ದಿನ ಪೂರ್ತಿ ಮುಖ ಕಂಡಿತು. ಒಂದು ದಿನ ಅವರು ಪಾಠ ಮಾಡುತ್ತಿರುವಾಗ ಯಾರದೋ ಮೈಕಿನಿಂದ ಹೆಂಗಸಿನ ದನಿ ತೆಲುಗಿನಲ್ಲಿ ಜೋರಾಗಿ ಬಂತು, ಅಡ್ಡ ನಿಲ್ಲಬೇಡ, ಆಚೆ ಹೋಗು ಎಂದು. "ಅಡ್ಡಂ ನಿಲಬಡೊದ್ದು, ಅವತಲಿಕಿ ಪೋ!"

ಸರ್ ಪಾಠ ನಿಲ್ಲಿಸಿದರು. "ಯಾರದು? ನನಗಾ ಹೇಳಿದ್ದು?"

ಒಬ್ಬ ಹುಡುಗ ಹೆದರುತ್ತ ಹೇಳಿದ. "ಇಲ್ಲ ಸಾರ್, ನಮ್ಮಮ್ಮ ಎಮ್ಮೆಗೆ ಹೇಳಿದ್ದು. ನಿಮಗಾದ್ರೆ ಮರ್ಯಾದೆಗೆ ಗಾರು ಅಂತ ಸೇರಿಸ್ತಿದ್ಲು."

ಪ್ರಾಯೋಗಿಕ ಪಾಠಗಳನ್ನು ನಾನು ಖಾಲಿ ಲ್ಯಾಬಿನಲ್ಲಿ ಮಾಡಿ ತೋರಿಸುತ್ತಿದ್ದೆ. ತಲೆಗೂದಲಿಗೆ ಹಾಕುವ ರಬ್ಬರ್ ಬ್ಯಾಂಡಿನಿಂದ ಫೋನನ್ನು ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿ, ಬ್ಯೂರೆಟ್ಟಿನ ಹನಿ ಬೀಳುವುದು ಕಾಣುವಂತೆ ಹೊಂದಿಸುವುದು. ಪರದೆಯ ಕೆಳಗೆ ಮಕ್ಕಳ ಮಾತು ಸಾಲಾಗಿ ಬರುತ್ತಿತ್ತು: ಮೇಡಂ, ಬಳೆ ತೆಗೀರಿ, ಬಣ್ಣ ಬದಲಾಗೋದು ಕೇಳಿಸ್ತಿಲ್ಲ! ಆ ತುಂಟತನದಲ್ಲೂ ಒಂದು ಗಮನವಿತ್ತು. ಬಳೆ ತೆಗೆದಿಟ್ಟೆ. ಈಗಲೂ ಒಂದು ಕೈಗೆ ಹಾಕಿಕೊಳ್ಳುವುದಿಲ್ಲ, ಅಭ್ಯಾಸ ತಪ್ಪಿಹೋಗಿದೆ.

ಕಾಲೇಜು ಮತ್ತೆ ತೆರೆದ ಮೇಲೆ ಎನಾಮಲ್ ಟ್ರೇ ಬಾಗಿಲಿಗೆ ವಾಪಸು ಬರಲಿಲ್ಲ. ಈಗ ಅದರಲ್ಲಿ ರಬ್ಬರ್ ಬಿರಡೆಗಳಿವೆ.

ಹೊಸಬರಿಗೆ ಒಂದು ಮಾತು. ಯಾವ ತರಗತಿಗಾದರೂ ಎರಡು ಗ್ರೂಪುಗಳಿರುತ್ತವೆ. ಒಂದು ಅಧಿಕೃತವಾದದ್ದು, ಅಲ್ಲಿ ಸರ್ ಸೂಚನೆ ಹಾಕುತ್ತಾರೆ, ಮಕ್ಕಳು ಕೈಮುಗಿದ ಚಿತ್ರ ಹಾಕುತ್ತಾರೆ, ಅಷ್ಟೇ. ಎರಡನೆಯದು ಅವರದೇ. ನಿಜವಾದ ಓದು ನಡೆಯುವುದು ಅಲ್ಲಿ. ರೆಡ್ಡೆಮ್ಮನ ಬ್ಯಾಚಿನಲ್ಲಿ ಅದರ ಹೆಸರು 'ಗಲೀಜು ಬೀಕರ್'. ಅದನ್ನು ಶುರುಮಾಡಿದವನು ಮಾಲೂರು ಕಡೆಯ ಟೇಕಲ್ಲಿನಿಂದ ಬರುತ್ತಿದ್ದ ಮುನಿರಾಜು. ತರಗತಿಯ ಬಾಯಿ ಅವನು.

"ಮೇಡಂ, ಲ್ಯಾಬ್ ಯಾವಾಗ ತೆಗೀತಾರೆ ಅಂತ ಗೊತ್ತಾಗೋದು ನಿಮ್ಮಿಂದಾನೇ. ಅದಕ್ಕೆ ನಿಮ್ಮನ್ನೂ ಸೇರಿಸ್ತೀವಿ. ಆದ್ರೆ ಒಳಗೆ ನೋಡಿದ್ದನ್ನ ನೋಡಿಲ್ಲ ಅನ್ಬೇಕು" ಎಂದ.

"ಏನಪ್ಪ ಅಂಥದ್ದು ಇರುತ್ತೆ ಒಳಗೆ?"

"ನಿಮ್ಮ ಫೋಟೋಗೆ ಕಿರೀಟ ಹಾಕಿರ್ತೀವಿ ಮೇಡಂ, ಅದಕ್ಕೆ."

ಸೇರಿದೆ. ಕಿರೀಟ ನಿಜವಾಗಿಯೂ ಇತ್ತು. ಅದರ ಜೊತೆಗೆ ನನಗೆ ಕಂಡದ್ದು ಬೇರೆಯೇ. ತರಗತಿಯಲ್ಲಿ 'ಡೌಟ್ ಇದ್ಯಾ?' ಎಂದರೆ ತಲೆ ತಗ್ಗಿಸುವ ಮಕ್ಕಳು ಇಲ್ಲಿ ಒಂದು ಪ್ರಶ್ನೆಯನ್ನು ಹಿಡಿದು ಜಗ್ಗಾಡುತ್ತಿದ್ದರು. ಮುಳಬಾಗಿಲಿನ ಶಾಹಿನಾ ಎಂಬ ಹುಡುಗಿ, ಅಪ್ಪನದು ಬೀಗ ಮತ್ತು ಟ್ರಂಕು ರಿಪೇರಿಯ ಅಂಗಡಿ, ದಪ್ಪ ದಪ್ಪ ಇಂಗ್ಲಿಷ್ ಪುಟಗಳನ್ನು ಓದಿ, ಬೇಕಾದ ಅರ್ಧ ಪುಟವನ್ನಷ್ಟೇ ಕತ್ತರಿಸಿ, ಮುಖ್ಯವಾದ ಸಾಲಿಗೆ ಬೆರಳಿನಿಂದ ಕೆಂಪು ಸುತ್ತು ಹಾಕಿ ಕಳಿಸುತ್ತಿದ್ದಳು. ಆ ಸುತ್ತು ಯಾವಾಗಲೂ ಪೂರ್ತಿ ಕೂಡುತ್ತಿರಲಿಲ್ಲ, ಬಲಗಡೆ ಸ್ವಲ್ಪ ಬಾಯಿ ಬಿಟ್ಟಿರುತ್ತಿತ್ತು. ಹೆಸರು ನೋಡದೆಯೇ ಅವಳದೆಂದು ತಿಳಿಯುತ್ತಿತ್ತು.

ಇನ್ನೊಂದು ಎಚ್ಚರಿಕೆ. ಪರೀಕ್ಷಾನಳಿಗೆಯ ಫೋಟೋ ನೋಡಿ ಬಣ್ಣ ಹೇಳಬೇಡಿ. ಒಮ್ಮೆ ಮುನಿರಾಜು ತಳದಲ್ಲಿ ಕೂತ ಹರಳಿನ ಫೋಟೋ ಹಾಕಿ 'ಹಳದಿ' ಎಂದ. ಹಳದಿಯಾದರೆ ಸೀಸವೆಂದು ಲೆಕ್ಕ; ಎಲ್ಲರೂ ಸೀಸ ಸೀಸ ಎಂದು ಬರೆದರು. ನಿಜಕ್ಕೂ ಅದು ಬಿಳಿ. ಅವನು ತೆಗೆದದ್ದು ಹಳದಿ ಬಲ್ಬಿನ ಕೆಳಗೆ. ನಾಗಭೂಷಣ ಸರ್ ಅವತ್ತು ಇಡೀ ತರಗತಿಗೆ ಒಂದೇ ತಪ್ಪು ಹೇಗೆ ಬಂತೆಂದು ತಲೆ ಕೆರೆದುಕೊಂಡರು. ಆಮೇಲೆ ಮಕ್ಕಳೇ ಒಂದು ನಿಯಮ ಮಾಡಿಕೊಂಡರು: ಫೋಟೋದಲ್ಲಿ ನಳಿಗೆಯ ಪಕ್ಕ ಒಂದು ತುಂಡು ಬಿಳಿ ಹಾಳೆ ಇರಲೇಬೇಕು. ಹಾಳೆ ಹಳದಿ ಕಂಡರೆ ಬಲ್ಬು ಸುಳ್ಳು ಹೇಳುತ್ತಿದೆ ಎಂದರ್ಥ. ಎಷ್ಟು ಜಾಣತನ! ನಾನು ಹೇಳಿಕೊಟ್ಟಿದ್ದಲ್ಲ, ಸರ್ ಹೇಳಿಕೊಟ್ಟಿದ್ದೂ ಅಲ್ಲ.

ಇನ್ನು ರೆಡ್ಡೆಮ್ಮ. ಬೈರಕೂರಿನ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕಾಲೇಜಿನ ಇಂಗ್ಲಿಷ್ ಅವಳ ಮುಂದೆ ಬಾಗಿಲು ಹಾಕಿಕೊಂಡ ಹಾಗಿತ್ತು. ಲ್ಯಾಬಿನಲ್ಲಿ ಅವಳ ಕೈ ಚುರುಕು, ಬಾಯಿ ಮಾತ್ರ ಬೀಗ. ನಾಗಭೂಷಣ ಸರ್ ಪ್ರಶ್ನೆ ಕೇಳಿದರೆ ಎದ್ದು ನಿಂತು ಬೆಂಚಿನ ಅಂಚನ್ನೇ ನೋಡುತ್ತಿದ್ದಳು. "ಈ ಹುಡುಗಿಗೆ ಏನೂ ಗೊತ್ತಿಲ್ಲ ಕಣ್ರೀ. ವೈವಾದಲ್ಲಿ ಏನು ಮಾಡ್ತಾಳೋ" ಎಂದು ಸರ್ ನನ್ನ ಹತ್ತಿರ ಮರುಗುತ್ತಿದ್ದರು. ಕೋಪದಿಂದಲ್ಲ, ನಿಜವಾಗಿ ಮರುಗುತ್ತಿದ್ದರು.

ಆದರೆ ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಅದೇ ಹುಡುಗಿ ಗಲೀಜು ಬೀಕರಿಗೆ ವಾಯ್ಸ್ ನೋಟ್ ಹಾಕುತ್ತಿದ್ದಳು. ಅವತ್ತಿನ ಪಾಠವನ್ನೆಲ್ಲ ತನ್ನ ಮಾತಿನಲ್ಲಿ ಹೇಳುವುದು. ಹಿನ್ನೆಲೆಯಲ್ಲಿ ನಂಗಲಿ ಕಡೆಗೆ ಹೋಗುವ ಲಾರಿಗಳ ಹಾರ್ನು, ಕಂಡಕ್ಟರನ ಸೀಟಿ. ಒಂದು ನನಗೆ ಬಾಯಿಪಾಠವಾಗಿದೆ:

"ಒರೇಯ್, ಕೇಳ್ಕೊಳ್ರಿ. ಮಾವಿನ ಗಿಡಕ್ಕೆ ಮೈಲುತುತ್ತ ಹೊಡೀತಾರಲ್ಲ, ಅದೇ ಕಾಪರ್ ಸಲ್ಫೇಟು. ನೀಲಿ ಇರುತ್ತೆ. ಯಾಕೆ ನೀಲಿ? ಅದರೊಳಗೆ ನೀಳ್ಳು ಕೂತಿರುತ್ತೆ, ಕಣ್ಣಿಗೆ ಕಾಣಲ್ಲ. ಕಾಯಿಸಿದ್ರೆ ನೀಳ್ಳು ಎದ್ದು ಹೋಗುತ್ತೆ, ಬೆಳ್ಳಗೆ ಬೂದಿ ತರ ಆಗುತ್ತೆ. ಮತ್ತೆ ಒಂದು ಚುಕ್ಕ ನೀಳ್ಳು ಹಾಕ್ರಿ, ನೀಲಿ! ನೀಳ್ಳು ಬಂದ್ರೆ ನೀಲಿ, ನೀಳ್ಳು ಹೋದ್ರೆ ಬಿಳಿ. ಅಷ್ಟೇ ಕಣ್ರೋ. ಟಿಕೆಟ್, ಟಿಕೆಟ್ ತಗೊಂಡಿದೀನಣ್ಣ."

ನೀಳ್ಳು ಎಂದರೆ ತೆಲುಗಿನಲ್ಲಿ ನೀರು. ಕೋಲಾರದ ಕಡೆ ಅದು ಗೊತ್ತಿಲ್ಲದವರಿಲ್ಲ; ಕನ್ನಡದ ಮನೆಯವರ ಬಾಯಲ್ಲೂ ಹಾಗೇ ಬಂದುಬಿಡುತ್ತದೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಇಬ್ಬಿಬ್ಬರು ಒಂದು ಇಯರ್‌ಫೋನನ್ನು ಹಂಚಿಕೊಂಡು, ತಲೆಗೆ ತಲೆ ತಾಗಿಸಿ ಅವಳ ದನಿ ಕೇಳುತ್ತಿದ್ದರು. ಶಾಹಿನಾ ಕೂಡ ಕೇಳುತ್ತಿದ್ದಳು. "ಬುಕ್ಕು ಓದಿದ್ರೆ ಮಾರ್ಕ್ಸು ಬರುತ್ತೆ ಮೇಡಂ, ಇವಳನ್ನ ಕೇಳಿದ್ರೆ ಅರ್ಥ ಆಗುತ್ತೆ" ಎಂದಿದ್ದಳು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಬಂತು. ಪ್ರತಿ ವಿದ್ಯಾರ್ಥಿಗೂ ಹೆಸರಿಲ್ಲದ ಒಂದು ಉಪ್ಪಿನ ಪೊಟ್ಟಣ ಕೊಡುತ್ತಾರೆ. ಅದು ಯಾವುದೆಂದು ಪರೀಕ್ಷಿಸಿ ಹೇಳಬೇಕು. ಹಿಂದಿನ ದಿನ ನಾನೂ ನಾಗಭೂಷಣ ಸರ್ ಅವರೂ ಬಾಗಿಲು ಹಾಕಿಕೊಂಡು ಆ ಪೊಟ್ಟಣಗಳನ್ನು ಕಟ್ಟಿದ್ದೆವು. ಕೆಲವದರಲ್ಲಿ ಕಾಪರ್ ಸಲ್ಫೇಟ್ ಇತ್ತು. ನಮ್ಮಿಬ್ಬರಿಗಲ್ಲದೆ ಯಾರಿಗೂ ಅದು ಗೊತ್ತಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಲ್ಯಾಬು ತೆಗೆದು ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬಂತು. ತೊಟ್ಟು ನೀರಿಲ್ಲ. ನೀರಿಲ್ಲದ ಲ್ಯಾಬಿನಲ್ಲಿ ಒಂದು ನಳಿಗೆಯನ್ನೂ ತೊಳೆಯುವ ಹಾಗಿಲ್ಲ. ಮೊದಲ ಬಸ್ಸಿಗೆ ಬಂದಿದ್ದ ರೆಡ್ಡೆಮ್ಮ ಒಬ್ಬಳೇ ಹೊರಗೆ ನಿಂತಿದ್ದಳು.

"ನಾನು ಪಂಪಿನವರನ್ನ ಹುಡುಕ್ಕೊಂಡು ಹೋಗ್ತೀನಿ. ನೀನು ಎಲ್ಲರಿಗೂ ಬರುವಾಗ ನೀರು ತರೋಕೆ ಹೇಳಮ್ಮ" ಎಂದು ಹೊರಟೆ.

ಅವಳು ಟೈಪ್ ಮಾಡಿದಳು. ಈ ಮಕ್ಕಳು ಕನ್ನಡವನ್ನೂ ತೆಲುಗನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದು. ನೀಳ್ಳು ಎನ್ನುವುದಕ್ಕೆ ಒಂದು ಎನ್, ಎರಡು ಇ, ಒಂದೇ ಒಂದು ಎಲ್, ಕೊನೆಗೆ ಯು. ಓದಿದರೆ 'ನೀಲು'. "ಲ್ಯಾಬಲ್ಲಿ ನೀಲು ಪ್ರಾಬ್ಲಂ. ಎಲ್ಲರೂ ನೀಲು ರೆಡಿ ಮಾಡ್ಕೊಂಡು ಬನ್ನಿ." ಹಾಕಬೇಕಾಗಿದ್ದು ಗಲೀಜು ಬೀಕರಿಗೆ. ಆದರೆ ಸರ್ ಆಗಷ್ಟೇ ಒಂದು ಸೂಚನೆ ಹಾಕಿದ್ದರಿಂದ ಅಧಿಕೃತ ಗ್ರೂಪು ಫೋನಿನಲ್ಲಿ ಮೇಲೆ ಬಂದು ಕೂತಿತ್ತು. ಅವಸರದಲ್ಲಿ ಅದಕ್ಕೇ ಹಾಕಿಬಿಟ್ಟಳು.

ನಾಗಭೂಷಣ ಸರ್ ಆಗ ಹೋಟೆಲಿನಲ್ಲಿ, ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ಇಡ್ಲಿ ತಿನ್ನಿಸುತ್ತಿದ್ದರು. ಮೆಸೇಜು ನೋಡಿದರು. ತೆಲುಗು ಬಾರದ ಮೈಸೂರಿನ ಕಣ್ಣು, 'ನೀಲಿ' ಎಂದು ಓದಿತು. ನೀಲಿ ಪ್ರಾಬ್ಲಂ. ಎಲ್ಲರೂ ನೀಲಿ ರೆಡಿ ಮಾಡಿಕೊಂಡು ಬನ್ನಿ. ಪೊಟ್ಟಣದೊಳಗೆ ನಿಜವಾಗಿಯೂ ನೀಲಿ ಉಪ್ಪು!

ನಾನು ಪಂಪಿನವರು ಸಿಗದೆ ವಾಪಸು ಬಂದಾಗ ರೆಡ್ಡೆಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಫೋನು ಸರ್ ಕೈಯಲ್ಲಿತ್ತು. ಹಾಲ್ ಟಿಕೆಟಿನ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಅದರ ಪ್ಲಾಸ್ಟಿಕ್ ಹೊದಿಕೆ ಎದ್ದುಬಂದಿತ್ತು. ಪಕ್ಕದಲ್ಲಿ ಪರೀಕ್ಷಕರು, ಧಾರವಾಡದ ಕಡೆಯವರು, ಕನ್ನಡಕ ಒರೆಸುತ್ತ ನಿಂತಿದ್ದರು.

"ಯಾರು ಹೇಳಿದ್ದು ನಿನಗೆ, ನೀಲಿ ಕೊಡ್ತಾರೆ ಅಂತ? ಹೇಳು" ಎನ್ನುತ್ತಿದ್ದರು ಸರ್. ಅವಳು ನೆಲ ನೋಡುತ್ತಿದ್ದಳು. "ಹೇಳದಿದ್ರೆ ಮಾಲ್‌ಪ್ರಾಕ್ಟೀಸ್ ಅಂತ ಬರೀತೀನಿ. ಪರೀಕ್ಷೆಗೆ ಕೂರಿಸೋಕಾಗಲ್ಲ."

"ಸರ್, ನಲ್ಲೀಲಿ ನೀರಿಲ್ಲ. ನೀರು ತರೋಕೆ ಹೇಳು ಅಂತ ನಾನೇ ಹೇಳಿದ್ದು" ಎಂದೆ.

ಸರ್ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು. "ಜಯಂತಿಯವರೇ, ಪೊಟ್ಟಣ ಕಟ್ಟಿದವರು ನಾವಿಬ್ಬರೇ. ನಾನಂತೂ ಯಾರಿಗೂ ಹೇಳಿಲ್ಲ. ನೀವೀಗ ಅವಳ ಪರ ಮಾತಾಡಿದಷ್ಟೂ ಕೇಸು ಕೆಡುತ್ತೆ."

ನಿಜ. ನನ್ನ ಮಾತಿಗೆ ಆ ಹೊತ್ತಿನಲ್ಲಿ ಬೆಲೆಯಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಕೂಗು ಕೇಳಿಸಿತು. "ಜರಗ್ರೋ, ಜರಗ್ರೋ! ಟೇಕಲ್ ನೀಳ್ಳು ಬಂತು!"

ಮುನಿರಾಜು. ಹೆಗಲ ಮೇಲೆ ದೊಡ್ಡ ನೀರಿನ ಕ್ಯಾನು, ಅಂಗಿಯ ಅರ್ಧ ಭಾಗ ಒದ್ದೆ. ಹಿಂದೆ ಶಾಹಿನಾ, ಎರಡು ಕೈಯಲ್ಲೂ ಬಾಟಲಿ, ಕಂಕುಳಲ್ಲಿ ಇನ್ನೊಂದು. ಅವಳ ಹಿಂದೆ ಇಡೀ ತರಗತಿ. ಸ್ಟೀಲ್ ಬಾಟಲಿ, ಜ್ಯೂಸಿನ ಬಾಟಲಿ, ಹಾಲಿನ ಕ್ಯಾನು. ಶ್ರೀನಿವಾಸಪುರದ ಹುಡುಗಿಯೊಬ್ಬಳು ಮನೆಯ ಮಾವಿನಕಾಯಿ ಉಪ್ಪಿನಕಾಯಿಯ ಖಾಲಿ ಜಾಡಿಯಲ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕೂಸಿನ ಹಾಗೆ ಎತ್ತಿಕೊಂಡಿದ್ದಳು.

"ಸಾರ್, ಇದನ್ನ ಎಲ್ಲಿಡ್ಲಿ? ಹೆಗಲು ಹೋಗ್ತಾ ಐತೆ" ಎಂದ ಮುನಿರಾಜು.

"ಏನಿದೆಲ್ಲ?"

"ನೀಳ್ಳು ಸಾರ್. ಲ್ಯಾಬಲ್ಲಿ ನೀಳ್ಳು ಪ್ರಾಬ್ಲಂ, ರೆಡಿ ಮಾಡ್ಕೊಂಡು ಬನ್ನಿ ಅಂತ ರೆಡ್ಡೆಮ್ಮ ಹಾಕಿದ್ಲಲ್ಲ."

ಸರ್ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದು ನೀಲಿ ಅಲ್ವಾ?"

"ನೀಲಿಗೆ ಕೊನೇಲಿ ಐ ಬರುತ್ತೆ ಸರ್, ಇಲ್ಲಿ ಯು ಇದೆ" ಎಂದಳು ಶಾಹಿನಾ. "ಸರಿಯಾಗಿ ಬರೆದ್ರೆ ಎರಡು ಎಲ್ ಬೇಕು. ನಾವೆಲ್ಲ ಒಂದೇ ಹಾಕೋದು."

"ನೀಳ್ಳೇ ಬರದಿರೋ ಊರಲ್ಲಿ ಎರಡೆರಡು ಎಲ್ ಯಾಕೆ ದಂಡ ಸಾರ್?" ಎಂದ ಮುನಿರಾಜು. ಯಾರೋ ಕಿಸಕ್ಕೆಂದರು. ಸರ್ ನಗಲಿಲ್ಲ. ಅವರ ಕೈಯಲ್ಲಿ ಒಂದು ಮೆಸೇಜಿತ್ತು, ಒಳಗೆ ನೀಲಿ ಪೊಟ್ಟಣಗಳಿದ್ದವು. ಅವರ ಜಾಗದಲ್ಲಿ ಯಾರಿದ್ದರೂ ಅನುಮಾನ ಅಷ್ಟು ಬೇಗ ಇಳಿಯುತ್ತಿರಲಿಲ್ಲ. "ಜಯಂತಿಯವರೇ, ಮೊದಲು ಕಾಪರ್ ಪೊಟ್ಟಣಗಳನ್ನೆಲ್ಲ ಬದಲಾಯಿಸಿಬಿಡಿ. ಈ ಹುಡುಗಿ ವಿಷಯ ಏನು ಮಾಡೋದು..." ಎಂದು ಪರೀಕ್ಷಕರ ಮುಖ ನೋಡಿದರು.

ಪರೀಕ್ಷಕರು ಕನ್ನಡಕ ಏರಿಸಿಕೊಂಡರು. "ಬಾರವಾ ಇಲ್ಲಿ. ನೀಲಿ ಅಂದ್ರ ನನಗ ತಿಳೀತದ. ನಿಮ್ಮ ಆ ನೀಳ್ಳು ಅಂದ್ರೂ ಈಗ ತಿಳೀತು. ಎರಡೂ ಕೂಡಿ ಇಷ್ಟು ಗದ್ದಲ ಮಾಡ್ಯಾವ. ಅವೆರಡರ ನಡುವ ಏನು ಸಂಬಂಧ ಐತಿ, ನೀನ ಹೇಳು ನೋಡೋಣ."

ರೆಡ್ಡೆಮ್ಮನಿಗೆ ಉತ್ತರ ಗೊತ್ತು. ಇಡೀ ತರಗತಿಗೆ ಗೊತ್ತು ಅವಳಿಗೆ ಗೊತ್ತೆಂದು. ನಮ್ಮವರಲ್ಲಿ ಗೊತ್ತಿಲ್ಲದವರು ನಾಗಭೂಷಣ ಸರ್ ಒಬ್ಬರೇ. ಆದರೆ ಅವಳು ನೆಲದಿಂದ ಕಣ್ಣೆತ್ತಲಿಲ್ಲ. ಸರ್ ನಿಟ್ಟುಸಿರು ಬಿಟ್ಟರು.

ಆಗ ಮುನಿರಾಜು ಕ್ಯಾನಿನ ಹಿಂದಿನಿಂದ ಪಿಸುಗುಟ್ಟಿದ. "ಲೇ ರೆಡ್ಡೆಮ್ಮ, ವಾಯ್ಸ್ ನೋಟ್ ಅನ್ಕೋ ಕಣೇ."

ಅವಳು ಕಣ್ಣು ಮುಚ್ಚಿಕೊಂಡಳು. ಬಲಗೈ ತಾನಾಗಿಯೇ ಬಾಯಿಯ ಹತ್ತಿರ ಬಂತು, ಬಸ್ಸಿನಲ್ಲಿ ಫೋನು ಹಿಡಿಯುವ ಹಾಗೆ. ಕೈಯಲ್ಲಿ ಫೋನಿರಲಿಲ್ಲ. ಹೆಬ್ಬೆರಳು ಮಾತ್ರ ಇಲ್ಲದ ಗುಂಡಿಯನ್ನು ಒತ್ತಿ ಹಿಡಿಯಿತು.

"ಒರೇಯ್, ಕೇಳ್ಕೊಳ್ರಿ" ಎಂದಳು.

ಪರೀಕ್ಷಕರು ತಿರುಗಿ ಯಾರನ್ನು ಕರೆದಳೆಂದು ಹಿಂದೆ ನೋಡಿದರು. ಯಾರೂ ನಗಲಿಲ್ಲ.

"ಎರಡೂ ಬೇರೆ ಬೇರೆ ಅಲ್ಲ. ಮೈಲುತುತ್ತ ನೀಲಿ ಇದೆ ಅಂದ್ರೆ ಒಳಗೆ ನೀಳ್ಳು ಇದೆ ಅಂತ. ಹರಳೊಳಗೆ ಸೇರ್ಕೊಂಡು ಕೂತಿರುತ್ತೆ. ಕಾಯಿಸಿದ್ರೆ ನೀಳ್ಳು ಹೋಗುತ್ತೆ, ಬಿಳಿ ಆಗುತ್ತೆ. ಅದನ್ನ ಅನ್‌ಹೈಡ್ರಸ್ ಅಂತಾರೆ. ಆ ಬಿಳಿ ಪುಡಿ ಮೇಲೆ ಏನಾದ್ರೂ ಹಾಕಿ ಅದು ನೀಲಿ ಆಯ್ತು ಅಂದ್ರೆ, ಹಾಕಿದ್ರಲ್ಲಿ ನೀಳ್ಳಿತ್ತು ಅಂತ ಗೊತ್ತಾಗುತ್ತೆ. ಅದು ಟೆಸ್ಟು. ನೀಳ್ಳು ಬಂದ್ರೆ ನೀಲಿ. ಅಷ್ಟೇ ಕಣ್ರೋ." ಕಣ್ಣು ಬಿಟ್ಟಳು. ಎದುರಿಗೆ ಪರೀಕ್ಷಕರು. ಕೈ ಸರಕ್ಕನೆ ಕೆಳಗಿಳಿಯಿತು. "ಸರ್" ಎಂದು ಸೇರಿಸಿದಳು.

"ಮಾಡಿ ತೋರಿಸು" ಎಂದವರು ನಾಗಭೂಷಣ ಸರ್. ದನಿ ಬದಲಾಗಿತ್ತು.

ಪರೀಕ್ಷೆಯಿಂದ ತೆಗೆದಿಟ್ಟ ಪೊಟ್ಟಣಗಳಲ್ಲಿ ಒಂದನ್ನು ನಾನೇ ಬಿಚ್ಚಿಕೊಟ್ಟೆ. ರೆಡ್ಡೆಮ್ಮ ನಳಿಗೆಯಲ್ಲಿ ಹರಳು ಹಾಕಿ ಉರಿಯ ಮೇಲೆ ಓರೆಯಾಗಿ ಹಿಡಿದಳು. ನಳಿಗೆಯ ಬಾಯಿಯಲ್ಲಿ ಸಣ್ಣ ಸಣ್ಣ ಬೆವರು ಕಟ್ಟಿತು. ನೀಲಿ ಮಸುಕಾಗಿ, ಬೂದಿಯಾಗಿ, ಬೆಳ್ಳಗಾಯಿತು. ಪಿಂಗಾಣಿ ತಟ್ಟೆಗೆ ಸುರಿದು ಆರಿಸಿದಳು. ಮುನಿರಾಜು ಕ್ಯಾನಿನ ಮುಚ್ಚಳ ತೆಗೆದು ತೀರ್ಥ ಕೊಡುವ ಗಾಂಭೀರ್ಯದಿಂದ ನಿಂತ. ಅವಳು ಅದರಿಂದ ಒಂದು ಹನಿ ತೆಗೆದು ಬಿಟ್ಟಳು. ಬಿಳಿಯ ನಡುವೆ ಒಂದು ನೀಲಿ ಚುಕ್ಕೆ ಅರಳಿತು.

"ಇದು ನೀಲೂನೂ ಹೌದು, ನೀಲೀನೂ ಹೌದು" ಎಂದರು ಪರೀಕ್ಷಕರು. "ನಾಗಭೂಷಣರ, ಈಕಿ ವೈವಾ ಆತು ಅಂತ ಬರಕೋರಿ. ಮತ್ತೇನು ಕೇಳೋದೈತಿ? ಇನ್ನ ಪರೀಕ್ಷಾ ಶುರು ಮಾಡ್ರಿ, ಹುಡುಗ ಎಷ್ಟೊತ್ತು ಕ್ಯಾನು ಹಿಡದು ನಿಂದರಬೇಕು."

ಸರ್ ಅವಳ ಫೋನನ್ನು ತಮ್ಮ ಕರ್ಚೀಫಿನಿಂದ ಒಮ್ಮೆ ಒರೆಸಿ ನನ್ನ ಕೈಗೆ ಕೊಟ್ಟರು. "ಪರೀಕ್ಷೆ ಆದ್ಮೇಲೆ ಕೊಡಿ." ಆಮೇಲೆ ಅವಳಿಗೆ, "ನನ್ನ ಕ್ಲಾಸಲ್ಲಿ ಯಾಕಮ್ಮ ಇಷ್ಟು ದಿನ ಹೀಗೆ ಹೇಳಲಿಲ್ಲ?" ಎಂದರು.

"ನೀವು ಗ್ರೂಪಲ್ಲಿಲ್ಲ ಸರ್" ಎಂದಳು ರೆಡ್ಡೆಮ್ಮ, ಪಾಪ, ನಿಜವನ್ನೇ.

ಅವತ್ತು ಸಂಜೆ ನಲ್ಲಿಯಲ್ಲಿ ನೀರು ಬಂತು. ಅಧಿಕೃತ ಗ್ರೂಪಿನಲ್ಲಿ ನಾಗಭೂಷಣ ಸರ್ ಒಂದು ಅಕ್ಷರವನ್ನೂ ಬರೆಯದೆ ಒಂದು ನೀಲಿ ಹೃದಯ ಹಾಕಿದರು. ನೀಲಿ ಬಣ್ಣದ ಬೇರೆ ಚಿತ್ರ ಅವರಿಗೆ ಸಿಗಲಿಲ್ಲವಂತೆ. ಮಾರನೆಯ ದಿನ ನೀರಿರಲಿಲ್ಲ. ನಾನು ಬಿಳಿಯದು ಹಾಕಿದೆ. ಅಲ್ಲಿಂದ ಅದೇ ಪದ್ಧತಿಯಾಯಿತು. ಲ್ಯಾಬು ತೆಗೆದವರು ಮೊದಲು ನಲ್ಲಿ ತಿರುಗಿಸಬೇಕು, ಆಮೇಲೆ ಹೃದಯ ಹಾಕಬೇಕು.

ರೆಡ್ಡೆಮ್ಮ ಪಾಸಾಗಿ ಎಂ.ಎಸ್ಸಿ.ಗೆ ಸೇರಿದಳು. ಅವಳ ವಾಯ್ಸ್ ನೋಟುಗಳು ಬ್ಯಾಚಿನಿಂದ ಬ್ಯಾಚಿಗೆ ದಾಟುತ್ತ ಇನ್ನೂ ಓಡಾಡುತ್ತಿವೆ. ಅವಳ ಮುಖವನ್ನೇ ನೋಡದ ಮಕ್ಕಳು ಈಗ ಮೆಟ್ಟಿಲ ಮೇಲೆ ಕೂತು ಅವಳ ದನಿ ಕೇಳುತ್ತಾರೆ, ನಂಗಲಿ ಲಾರಿಗಳ ಹಾರ್ನಿನ ಸಮೇತ.

ಮಕ್ಕಳು ಫೋನು ನೋಡುತ್ತಿದ್ದರೆ ಹಾಳಾಗುತ್ತಿದ್ದಾರೆ ಎನ್ನುವವರನ್ನು ಕಾವ್ಯ, ನೀನು ಬಹಳ ಕಾಣುತ್ತೀಯ. ಜಗಳ ಮಾಡಬೇಡ. ಗ್ರೂಪ್ ನೋಡುತ್ತಿರು.

ಅವತ್ತು ಬೆಳಿಗ್ಗೆ ಕಾವ್ಯ ನನ್ನ ಜೊತೆ ಮಾತಾಡಿ ಫೋನಿಟ್ಟಳಲ್ಲ, ನನ್ನ ಮೊದಲ ದೋಸೆ ಹೆಂಚು ಬಿಡುವಷ್ಟರಲ್ಲಿ ಗ್ರೂಪಿಗೆ ಒಂದು ಬಿಳಿ ಹೃದಯ ಬಂತು. ನನ್ನನ್ನು ಇನ್ನೂ ಯಾರೂ ಅದರಿಂದ ತೆಗೆದಿಲ್ಲ. ಅದರ ಕೆಳಗೆ ಮಾಲೂರಿನ ಬಸ್ಸಿನಿಂದ ಒಂದು ಬಾಟಲಿಯ ಫೋಟೋ, ಮುಳಬಾಗಿಲಿನಿಂದ ಇನ್ನೊಂದು, ಶ್ರೀನಿವಾಸಪುರದಿಂದ ಎರಡು. ಎಲ್ಲದರ ಕೊನೆಗೆ ನಾಗಭೂಷಣ ಸರ್ ಅವರದು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಕ್ಯಾನು, ಬೀಳದ ಹಾಗೆ ಹಗ್ಗದಿಂದ ಬಿಗಿದದ್ದು. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು: "ನಾನೂ ನೀಳ್ಳು ತರ್ತಿದ್ದೀನಿ."

ಎರಡು ಎಲ್ ಹಾಕಿದ್ದರು.